ಯಾರ ಕಣ್ಣಿನ ವಿಷನ್?



2018ರಲ್ಲಿ ನೀತಿ ಆಯೋಗ ನಮ್ಮ ರಾಯಚೂರನ್ನ ‘ಆಸ್ಪಿರೇಷನಲ್ ಡಿಸ್ಟ್ರಿಕ್ಟ್’ ಪಟ್ಟಿಗೆ ಸೇರಿಸಿತು. ‘ಹಿಂದುಳಿದ’ ಹೋಗಿ ‘ಮಹತ್ವಾಕಾಂಕ್ಷೆ’ ಬಂತು. ಆಫೀಸಿನಾಗ ಅದನ್ನ ಟೈಪ್ ಮಾಡೋನು ನಾನೇ. ವಿಷನ್ ಅಂದ್ರ ಮುನ್ನೋಟ, ವಿಷುವಲೈಸ್ ಅಂದ್ರ ಕಣ್ಣಿಗೆ ಕಟ್ಟಿಕೊಳ್ಳೋದು. ಆದ್ರ ನೋಡೋ ಕಣ್ಣು ಯಾರದು?

ದೇವದುರ್ಗ ಬಸ್‌ಸ್ಟ್ಯಾಂಡಿನಾಗ ಬೆಂಗಳೂರಿಗೆ ಗುಳೆ ಹೊಂಟ ಅವ್ವ ಒಬ್ಬಾಕಿ ಅಂದಳು: “ಮಗಳನ್ನ ಮಾನ್ವಿ ಹಾಸ್ಟೆಲ್ಲಿಗೆ ಹಾಕೀನ್ರಿ. ಆಕಿ ಈ ಗಂಟು ಹೊರಬಾರದು.” ಈ ಅವ್ವಗ ವಿಷನ್ ಅನ್ನೋ ಪದ ಗೊತ್ತಿಲ್ಲ, ವಿಷನ್ ಐತಿ.

1949ರ ನವೆಂಬರ್ 25ರಂದು ಬಾಬಾಸಾಹೇಬರು ಎಚ್ಚರಿಸಿದ್ರು: ಜನವರಿ 26ರಿಂದ ರಾಜಕೀಯದಲ್ಲಿ ಸಮಾನತೆ ಇರ್ತದ, ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರ್ತದ ಅಂತ. ಮುಂದಿನದನ್ನ ಕಾಣೋದು ಅಂದ್ರ ಹಿಂಗ, ಕಣ್ಣು ತೆರೆದು.

ಇನ್ನ ಮೀಟಿಂಗಿನಾಗ ‘ವಿಷನ್’ ಅಂದವರಿಗೆ ಒಂದೇ ಪ್ರಶ್ನೆ ಹಾಕೋಣ: ಆ ಅವ್ವನ್ನ ಕೇಳೀರೇನು?