ಐದು ಬುರುಜು ಇತ್ತ, ಐದು ಬುರುಜು ಅತ್ತ

ಸೈಪ್ರಸ್ ದ್ವೀಪದ ರಾಜಧಾನಿ ನಿಕೋಸಿಯಾದ ಲೆಡ್ರಾ ಬೀದಿಯಲ್ಲಿ ಶಾಕೋಲಾಸ್ ಗೋಪುರ ಅಂತ ಒಂದು ಕಟ್ಟಡವಿದೆ. ಅದರ ಹನ್ನೊಂದನೇ ಮಹಡಿಯಿಂದ ಇಡೀ ಊರು ಕಾಣುತ್ತದೆ. ಕೆಂಪು ಹಂಚಿನ ಮಾಡುಗಳು, ತಾರಸಿ ತಾರಸಿಯ ಮೇಲೂ ಸೋಲಾರ್ ನೀರಿನ ಡ್ರಮ್ಮುಗಳು, ನಡುನಡುವೆ ಗಂಟೆಗೋಪುರ, ಮಿನಾರು, ಈಚಲು ಮರ. ಯುರೋಪಿನ ಒಕ್ಕೂಟದಲ್ಲಿ ಇವತ್ತಿಗೂ ಇಬ್ಭಾಗವಾಗಿ ಉಳಿದಿರುವ ರಾಜಧಾನಿ ಇದೊಂದೇ. ಆ ಇಬ್ಭಾಗವನ್ನು ನೋಡಲೆಂದೇ ಬಂದವನಿಗೆ ಗಡಿ ಎಲ್ಲಿದೆ ಅಂತಲೇ ತಿಳಿಯಲಿಲ್ಲ. ಎಲ್ಲ ಒಂದೇ ಊರು, ಒಂದೇ ಬಣ್ಣ, ಒಂದೇ ಬಿಸಿಲು.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಪಳಗಿತು. ಮಾಡು ಕುಸಿದ ಮನೆಗಳು ಎಲ್ಲಿ ಸಾಲುಗಟ್ಟಿವೆಯೋ, ಗೋಡೆಯೊಳಗಿಂದ ಮರಗಳು ಎಲ್ಲಿ ತಲೆ ಹೊರಹಾಕಿವೆಯೋ, ಅದೇ ಗಡಿ. ಊರಿನ ನಡುವೆ ಅಂಕುಡೊಂಕಾಗಿ ಹಾದುಹೋಗುವ ಹಾಳು ಪಟ್ಟಿ. ಅದರಾಚೆ, ಉತ್ತರದ ಐದು ಬೆರಳಿನ ಬೆಟ್ಟದ ಇಳಿಜಾರಿನಲ್ಲಿ ಉತ್ತರದವರು ತಮ್ಮ ಬಾವುಟವನ್ನು ಬಣ್ಣದಲ್ಲಿ ಬರೆದಿದ್ದಾರೆ. ಮೈಲಿಗಟ್ಟಲೆ ದೂರದಿಂದ ಕಾಣುವಷ್ಟು ದೊಡ್ಡದು. ರಾತ್ರಿಯಾದರೆ ಅದಕ್ಕೆ ದೀಪವನ್ನೂ ಹಚ್ಚುತ್ತಾರೆ, ದಕ್ಷಿಣದವರಿಗೆ ಕತ್ತಲಲ್ಲೂ ಮರೆಯಬಾರದು ಅಂತ.

ಹಳೆಯ ಊರಿನ ಸುತ್ತ ವೆನಿಸ್‌ನವರು 1567ರಲ್ಲಿ ಕಟ್ಟಿದ ದುಂಡನೆಯ ಕೋಟೆಗೋಡೆಯಿದೆ. ಅದಕ್ಕೆ ಹನ್ನೊಂದು ಬುರುಜು. ಆಟೊಮನ್ ತುರ್ಕರು ಬರುತ್ತಾರೆಂಬ ಭಯಕ್ಕೆ ಕಟ್ಟಿದ್ದು; 1570ರಲ್ಲಿ ಅವರು ಬಂದರು, ಗೆದ್ದರು. ಇವತ್ತು ಆ ಹನ್ನೊಂದರಲ್ಲಿ ಐದು ಬುರುಜು ದಕ್ಷಿಣದ ಗ್ರೀಕ್ ಸೈಪ್ರಿಯಟ್ಟರ ಕಡೆ, ಐದು ಉತ್ತರದ ತುರ್ಕಿ ಸೈಪ್ರಿಯಟ್ಟರ ಕಡೆ. ಉಳಿದ ಒಂದು, ಫ್ಲಾಟ್ರೊ ಬುರುಜು, ವಿಶ್ವಸಂಸ್ಥೆಯ ಕೈಯಲ್ಲಿ. ಇಷ್ಟು ಸರಿಯಾದ ಭಾಗಾಕಾರ ಯುದ್ಧದಲ್ಲಿ ಹೇಗೆ ಬಂತೋ!

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇದಲ್ಲ, ಒಂದು ನದಿಯ ಕಥೆ. ಪೆಡಿಯೋಸ್ ನದಿ ಹಿಂದೆ ಈ ಊರಿನ ಮಧ್ಯದಲ್ಲೇ ಹರಿಯುತ್ತಿತ್ತಂತೆ. ಕೋಟೆ ಕಟ್ಟುವಾಗ ವೆನಿಸ್‌ನವರು ಅದನ್ನು ಗೋಡೆಯ ಹೊರಗೆ ತಿರುಗಿಸಿದರು. ಬತ್ತಿದ ಪಾತ್ರ ನಿಧಾನವಾಗಿ ತುಂಬಿಕೊಂಡು ಬೀದಿಯಾಯಿತು, ಬೀದಿ ಪೇಟೆಯಾಯಿತು. ಎರ್ಮು ಬೀದಿ ಎಂಬ ಆ ಪೇಟೆಯಲ್ಲಿ ಗ್ರೀಕರು, ತುರ್ಕರು, ಅರ್ಮೇನಿಯನ್ನರು ಅಕ್ಕಪಕ್ಕ ಅಂಗಡಿ ಇಟ್ಟರು. ಈಗಿನ ಹಾಳು ಪಟ್ಟಿ ಹಾದುಹೋಗುವುದು ಅದೇ ಬೀದಿಯ ಮೇಲೆ. ಊರನ್ನು ಸೀಳುವ ಸಾಲು ನಾನ್ನೂರು ವರ್ಷಗಳ ಹಿಂದೆಯೇ ನೆಲದಲ್ಲಿತ್ತು. ಅಲ್ಲಿ ಮೊದಲು ನೀರು ಹರಿಯಿತು, ಆಮೇಲೆ ವ್ಯಾಪಾರ. ಈಗ ಮರಳು ಚೀಲ, ಎಣ್ಣೆ ಡ್ರಮ್ಮು, ಮುಳ್ಳುತಂತಿ, ಗುಂಡಿನ ತೂತುಗಳು. ದ್ವೀಪದ ಉದ್ದಕ್ಕೂ 180 ಕಿಲೋಮೀಟರು ಸಾಗುವ, ವಿಶ್ವಸಂಸ್ಥೆ ಕಾಯುವ ಈ ವಲಯ ಕೆಲವು ಕಡೆ ಏಳು ಕಿಲೋಮೀಟರಿಗೂ ಅಗಲ. ಹಳೆಯ ಊರಿನೊಳಗೆ ಅತ್ಯಂತ ಇಕ್ಕಟ್ಟಾದ ಜಾಗದಲ್ಲಿ ಮೂರು ಮೀಟರು ಚಿಲ್ಲರೆ. ಎರಡೂ ಕಡೆಯ ಉಪ್ಪರಿಗೆಯಿಂದ ಕೈ ಚಾಚಿದರೆ ಉಪ್ಪಿನಕಾಯಿ ಬಾಟಲಿ ದಾಟಿಸಬಹುದು.

ಗೆರೆ ಎಳೆದದ್ದು 1963ರ ಡಿಸೆಂಬರ್ ಕೊನೆಯಲ್ಲಿ. ಊರಲ್ಲಿ ಎರಡು ಸಮುದಾಯಗಳ ನಡುವೆ ಗುಂಡು ಹಾರುತ್ತಿದ್ದಾಗ ಬ್ರಿಟಿಷ್ ಸೇನೆಯ ಮೇಜರ್ ಜನರಲ್ ಪೀಟರ್ ಯಂಗ್ ನಕ್ಷೆ ಹರಡಿಕೊಂಡು ಹಸಿರು ಪೆನ್ಸಿಲ್ಲಿನಿಂದ ಒಂದು ಗೆರೆ ಹಾಕಿದ. ಅದೇ ಹಸಿರು ಗೆರೆ. ಪ್ರವಾಸಿ ಪುಸ್ತಕಗಳೆಲ್ಲ ಕಥೆಯನ್ನು ಇಲ್ಲಿಂದ ಶುರುಮಾಡುತ್ತವೆ. ನನಗೆ ಅದು ಸರಿಯೆನಿಸಲಿಲ್ಲ. ಪೀಟರ್ ಯಂಗ್ ಬರುವ ಹೊತ್ತಿಗೆ ಬೇರೆ ಗೆರೆಗಳೆಲ್ಲ ಮುಗಿದಿದ್ದವು, ಅವನದು ಕೊನೆಯದು.

ಫುಟ್‌ಬಾಲನ್ನೇ ನೋಡಿ. ಚೆಟಿನ್‌ಕಾಯಾ ಎಂಬ ತುರ್ಕಿ ಸೈಪ್ರಿಯಟ್ಟರ ಕ್ಲಬ್ಬು ದ್ವೀಪದ ಲೀಗಿನಲ್ಲಿ ಗ್ರೀಕ್ ಕ್ಲಬ್ಬುಗಳ ಜೊತೆ ಆಡಿ 1951ರಲ್ಲಿ ಚಾಂಪಿಯನ್ ಆಗಿತ್ತು. ನಾಲ್ಕೇ ವರ್ಷದಲ್ಲಿ, 1955ರಲ್ಲಿ, ತುರ್ಕಿ ಕ್ಲಬ್ಬುಗಳು ಹೊರಬಂದು ಬೇರೆ ಒಕ್ಕೂಟ ಕಟ್ಟಿಕೊಂಡವು. ಅದೇ ವರ್ಷ ಗ್ರೀಸಿನೊಂದಿಗೆ ದ್ವೀಪವನ್ನು ಸೇರಿಸಬೇಕೆಂದು ಇಯೋಕಾ ಸಂಘಟನೆ ಬ್ರಿಟಿಷರ ಮೇಲೆ ಬಂದೂಕು ಎತ್ತಿತು. ದ್ವೀಪವನ್ನು ಎರಡು ಮಾಡಿ ಎಂಬ ಕೂಗು ಇನ್ನೊಂದು ಕಡೆಯಿಂದ ಎದ್ದಿತು. 1958ರಲ್ಲಿ ಪುರಸಭೆಯೂ ಒಡೆಯಿತು, ಕಸ ಎತ್ತುವುದಕ್ಕೂ ಎರಡು ಕಚೇರಿ. ಶಾಲೆಗಳಂತೂ ಒಂದಾಗಿದ್ದೇ ಇಲ್ಲ. ಒಂದು ಮಗು ಅಥೆನ್ಸಿನ ಇತಿಹಾಸ ಉರುಹೊಡೆಯುತ್ತಿತ್ತು, ಪಕ್ಕದ ಮನೆಯ ಮಗು ಅಂಕಾರಾದ್ದು. ಎರಡೂ ಜನ ಬೆರೆತು ಬಾಳುತ್ತಿದ್ದ ಹಳ್ಳಿಗಳು 1891ರ ಗಣತಿಯಲ್ಲಿ 346 ಇದ್ದವು. 1960ಕ್ಕೆ ಉಳಿದದ್ದು 114.

ಆ ವರ್ಷ ಸ್ವಾತಂತ್ರ್ಯ ಬಂತು. ಆರ್ಚ್‌ಬಿಷಪ್ ಮಕಾರಿಯೋಸ್ ಅಧ್ಯಕ್ಷ, ತುರ್ಕಿ ಸಮುದಾಯದ ಡಾಕ್ಟರ್ ಫಾಜಿಲ್ ಕುಚುಕ್ ಉಪಾಧ್ಯಕ್ಷ. ಸರ್ಕಾರಿ ನೌಕರಿಯಲ್ಲಿ ಎಪ್ಪತ್ತಕ್ಕೆ ಮೂವತ್ತು, ಸೇನೆಯಲ್ಲಿ ಅರವತ್ತಕ್ಕೆ ನಲವತ್ತು, ಐದು ಪಟ್ಟಣಗಳಿಗೆ ಬೇರೆ ಬೇರೆ ಪುರಸಭೆ. ಆ ಸಂವಿಧಾನ ಓದುತ್ತಿದ್ದರೆ ಮನಸ್ತಾಪವಾದ ಅಣ್ಣತಮ್ಮಂದಿರ ಪಾಲು ಪಾರಿಖತ್ತು ಓದಿದಂತಾಗುತ್ತದೆ. ಜನಸಂಖ್ಯೆಯಲ್ಲಿ ನೂರಕ್ಕೆ 18ರಷ್ಟಿದ್ದವರಿಗೆ ಮೂವತ್ತು ಪಾಲು ಹೆಚ್ಚಾಯಿತೆಂದು ಗ್ರೀಕರು, ಕೊಟ್ಟದ್ದನ್ನು ಕಿತ್ತುಕೊಳ್ಳಲು ನೋಡುತ್ತಿದ್ದಾರೆಂದು ತುರ್ಕರು. 1963ರ ನವೆಂಬರಿನಲ್ಲಿ ಮಕಾರಿಯೋಸ್ ಸಂವಿಧಾನಕ್ಕೆ ಹದಿಮೂರು ತಿದ್ದುಪಡಿ ಮುಂದಿಟ್ಟ. ಡಿಸೆಂಬರಿನಲ್ಲಿ ಹೆಣಗಳು ಬಿದ್ದವು.

ಈ ಕಥೆಯೊಳಗೆ ಒಬ್ಬ ಕೊಡಗಿನವರು ಬರುತ್ತಾರೆ. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆ ಇಲ್ಲಿಗೆ ಶಾಂತಿಪಾಲನಾ ಪಡೆ ಕಳಿಸಲು ನಿರ್ಧರಿಸಿತು. ಅದರ ಮೊದಲ ದಂಡನಾಯಕ ಭಾರತದ ಗ್ಯಾನಿ. ಅದೇ ಜುಲೈಯಲ್ಲಿ ಅವರ ಜಾಗಕ್ಕೆ ಬಂದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಭಾರತದ ಸೇನಾ ಮುಖ್ಯಸ್ಥರಾಗಿ ನಿವೃತ್ತರಾಗಿದ್ದವರು. ಅದಕ್ಕೂ ಮೊದಲು ಇಬ್ಭಾಗವಾದ ಕೊರಿಯಾದಲ್ಲಿ, ತಾಯ್ನಾಡಿಗೆ ಮರಳಲೊಲ್ಲದ ಯುದ್ಧಕೈದಿಗಳ ಹಣೆಬರಹ ತೀರ್ಮಾನಿಸುವ ತಟಸ್ಥ ದೇಶಗಳ ಆಯೋಗದ ಅಧ್ಯಕ್ಷರಾಗಿದ್ದವರು. ಇಲ್ಲಿಗೆ ಬಂದ ಮರುತಿಂಗಳೇ ವಾಯವ್ಯ ಕರಾವಳಿಯ ಕೊಕ್ಕಿನಾದಲ್ಲಿ ಕಾಳಗ ಎದ್ದು ತುರ್ಕಿಯ ವಿಮಾನಗಳು ಬಾಂಬು ಹಾಕಿದವು. 1965ರ ಡಿಸೆಂಬರ್ 18ರಂದು, ಇನ್ನೂ ಕೆಲಸದಲ್ಲಿದ್ದಾಗಲೇ, ಹೃದಯಾಘಾತದಿಂದ ಅವರು ತೀರಿಹೋದದ್ದು ಈ ದ್ವೀಪದಲ್ಲೇ. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾ ಪಟ್ಟಣದಲ್ಲಿ ಅವರ ಹೆಸರಿನ ದೊಡ್ಡ ರಸ್ತೆಯೇ ಇದೆ. ಮೆಡಿಟರೇನಿಯನ್ ಬಿಸಿಲಿನಲ್ಲಿ ಗ್ರೀಕ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಾ ಹೋಗಿ ಕೊನೆಗೆ 'ತಿಮ್ಮಯ್ಯ' ಅಂತ ಬಂದಾಗ ನಾನು ನಡುರಸ್ತೆಯಲ್ಲಿ ನಕ್ಕುಬಿಟ್ಟೆ. ಎದುರು ಬಂದ ಹೆಂಗಸು ಆಚೆ ಸರಿದು ನಡೆದರು.

1974ರ ಜುಲೈ 20ರಂದು ತುರ್ಕಿಯ ಸೇನೆ ಇಳಿಯಿತು, ಆಗಸ್ಟ್ ಮುಗಿಯುವುದರೊಳಗೆ ದ್ವೀಪದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಅದರ ವಶವಾಯಿತು. ಇಷ್ಟು ಎಲ್ಲರಿಗೂ ಗೊತ್ತು. ಅದಕ್ಕೆ ಐದು ದಿನ ಮೊದಲು ನಡೆದದ್ದನ್ನು ದಕ್ಷಿಣದವರು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಜುಲೈ 15ರಂದು ಅಥೆನ್ಸಿನ ಸೇನಾಡಳಿತದ ಬೆಂಬಲದಿಂದ ಗ್ರೀಕರೇ ಗ್ರೀಕನಾದ ಮಕಾರಿಯೋಸನ ಮೇಲೆ ದಂಗೆ ಎದ್ದಿದ್ದರು. ಅಂದರೆ ಗೆರೆಯ ಈಚೆಗೂ ಗೆರೆಯಿತ್ತು. ಇವತ್ತೂ ಇದೆ, ಅದನ್ನು ನೋಡಲು ಪಾಸ್‌ಪೋರ್ಟ್ ಬೇಡ, ಫುಟ್‌ಬಾಲ್ ದಿನ ಒಂದು ಕಾಫಿ ಅಂಗಡಿಯಲ್ಲಿ ಕೂತರೆ ಸಾಕು. ಗ್ರೀಸಿನ ಅಂತರ್ಯುದ್ಧದ ಕಾಲದಲ್ಲಿ, 1948ರಲ್ಲಿ, ನಿಕೋಸಿಯಾದ ಅಪೋಯಲ್ ಕ್ಲಬ್ಬು ಎಡಪಂಥೀಯರ ವಿರುದ್ಧ ನಿಲುವು ತೆಗೆದುಕೊಂಡಿತು. ಒಪ್ಪದ ಆಟಗಾರರು ಹೊರಬಿದ್ದರು, ಒಮೋನಿಯಾ ಎಂಬ ಹೊಸ ಕ್ಲಬ್ಬು ಹುಟ್ಟಿತು. ಅಂದಿನಿಂದ ಅಪೋಯಲ್ ಬಲದವರದು, ಒಮೋನಿಯಾ ಎಡದವರದು. ಎಷ್ಟೋ ಹಳ್ಳಿಗಳಲ್ಲಿ ಕಾಫಿ ಅಂಗಡಿಯೂ ಎರಡು, ಯಾರು ಎಲ್ಲಿ ಕೂರುತ್ತಾರೆಂದು ನೋಡಿದರೆ ವೋಟು ತಿಳಿಯುತ್ತದೆ. ತಮಾಷೆಯೆಂದರೆ ಎರಡೂ ಕ್ಲಬ್ಬಿಗೆ ತವರು ಕ್ರೀಡಾಂಗಣ ಒಂದೇ.

ಉತ್ತರಕ್ಕೆ ದಾಟುವುದು ಈಗ ಸುಲಭ. 2003ರ ಏಪ್ರಿಲ್ 23ರಂದು ಮೊದಲ ಬಾಗಿಲು ತೆರೆಯಿತು, ಲೆಡ್ರಾ ಬೀದಿಯದು 2008ರ ಏಪ್ರಿಲ್ 3ಕ್ಕೆ. ಐಸ್‌ಕ್ರೀಮ್ ಅಂಗಡಿ, ಚಪ್ಪಲಿ ಅಂಗಡಿ, ಅದರ ಪಕ್ಕದಲ್ಲೇ ಪೊಲೀಸ್ ಗೂಡು. ಪಾಸ್‌ಪೋರ್ಟ್ ತೋರಿಸಿ ಊರೆಗಂಬ ಕೊಟ್ಟು ನಿಲ್ಲಿಸಿದ ಹಳೆಯ ಕಟ್ಟಡಗಳ ನಡುವೆ ಹತ್ತಾರು ಹೆಜ್ಜೆ ಹಾಕಿದರೆ ಇನ್ನೊಂದು ಗೂಡು. ಅದರಾಚೆ ಯೂರೋ ಹೋಗಿ ಲಿರಾ. 2016ರ ಚಳಿಗಾಲದಲ್ಲಿ ತುರ್ಕಿ ತನ್ನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಲಿಲ್ಲ, ಉತ್ತರವೂ ಅದನ್ನೇ ಅನುಸರಿಸಿತು. ಆಗ ಈ ಹತ್ತಾರು ಹೆಜ್ಜೆಗೆ ಒಂದು ಗಂಟೆ ಕಳೆಯುತ್ತಿತ್ತು. ಸ್ವಲ್ಪ ಮುಂದೆ 1572ರ ಬುಯುಕ್ ಹಾನ್ ಎಂಬ ಛತ್ರ, ಅದರಾಚೆ ಸೆಲಿಮಿಯೆ ಮಸೀದಿ. 1209ರಲ್ಲಿ ಸಂತ ಸೋಫಿಯಾಳ ಚರ್ಚಾಗಿ ಕಟ್ಟಲು ಹಿಡಿದ ಫ್ರೆಂಚ್ ಗಾಥಿಕ್ ಕಟ್ಟಡದ ಹೆಗಲ ಮೇಲೆ ಎರಡು ಮಿನಾರು. ಚರ್ಚು ಪೂರ್ವಕ್ಕೆ ಮುಖ ಮಾಡಿದೆ, ಮೆಕ್ಕಾ ಇರುವುದು ಆಗ್ನೇಯಕ್ಕೆ. ಹಾಗಾಗಿ ಒಳಗೆ ನಮಾಜಿನ ಸಾಲುಗಳು ಕಂಬಸಾಲಿಗೆ ಓರೆ. ನೋಡಲು ವಿಚಿತ್ರ, ಆದರೆ ನಾಲ್ಕೂವರೆ ಶತಮಾನದಿಂದ ನಡೆದುಕೊಂಡು ಬಂದಿದೆ.

ಬಾಗಿಲು ತೆರೆದ ಮೊದಲ ದಿನಗಳ ಕಥೆಗಳನ್ನು ಎರಡೂ ಕಡೆ ಹೇಳುತ್ತಾರೆ. ಗಂಟೆಗಟ್ಟಲೆ ಸಾಲು. ತಾವು ಬಿಟ್ಟುಹೋದ ಮನೆಯ ಬಾಗಿಲು ತಟ್ಟಿದವರು, ಬಾಗಿಲು ತೆರೆದು ಕಾಫಿ ಕೊಟ್ಟವರು, ಮೂವತ್ತು ವರ್ಷ ಎತ್ತಿಟ್ಟಿದ್ದ ಮದುವೆ ಫೋಟೊಗಳನ್ನು ಹಿಂದಿರುಗಿಸಿದವರು, ಬಾಗಿಲೇ ತೆರೆಯದವರು. ಮರುವರ್ಷವೇ, 2004ರ ಏಪ್ರಿಲ್ 24ರಂದು, ದ್ವೀಪವನ್ನು ಮತ್ತೆ ಕೂಡಿಸುವ ಅನ್ನಾನ್ ಯೋಜನೆಯ ಮೇಲೆ ಜನಮತ ನಡೆಯಿತು. ಉತ್ತರದಲ್ಲಿ ನೂರಕ್ಕೆ 65 ಜನ ಹೂಂ ಅಂದರು, ದಕ್ಷಿಣದಲ್ಲಿ 76 ಜನ ಊಹೂಂ. ಕಾಫಿ ಕೊಟ್ಟವರೂ ಕುಡಿದವರೂ ಈ ಲೆಕ್ಕದಲ್ಲೇ ಇದ್ದಾರೆ. ಉತ್ತರದೊಳಗೂ ಈಗ ಇನ್ನೊಂದು ಬಿರುಕು. ದ್ವೀಪದಲ್ಲೇ ಹುಟ್ಟಿದ ತುರ್ಕಿ ಸೈಪ್ರಿಯಟ್ಟರು ಒಂದು ಕಡೆ, 1974ರ ನಂತರ ತುರ್ಕಿಯಿಂದ ಬಂದು ನೆಲೆಸಿದವರು ಇನ್ನೊಂದು ಕಡೆ. ಮಾತಿನ ಧಾಟಿಯಿಂದಲೇ ಯಾರು ಯಾವ ಕಡೆಯವರೆಂದು ಅವರಿಗೆ ಗೊತ್ತಾಗುತ್ತದಂತೆ.

ಒಡೆಯದೆ ಉಳಿದದ್ದು ಏನಾದರೂ ಇದೆಯೇ? ಇದೆ, ಚರಂಡಿ. ಊರಿನ ನೀರು ಇಳಿಯುವುದು ಉತ್ತರಕ್ಕೆ, ಅದಕ್ಕೆ ಹಸಿರು ಪೆನ್ಸಿಲ್ಲಿನ ಪರಿವೆ ಇಲ್ಲ. ಯುದ್ಧ ಮುಗಿದಾಗ ಒಳಚರಂಡಿ ಕೆಲಸ ಅರ್ಧಕ್ಕೆ ನಿಂತಿತ್ತು. ಕೊಳವೆಗಳು ಹೆಚ್ಚಿನವು ಒಂದು ಕಡೆ, ಶುದ್ಧೀಕರಣದ ಕೊಳ ಇನ್ನೊಂದು ಕಡೆ. 1970ರ ದಶಕದ ಕೊನೆಯಲ್ಲಿ ದಕ್ಷಿಣದ ಮೇಯರ್ ಲೆಲ್ಲೊಸ್ ದೆಮೆತ್ರಿಯಾದೆಸ್ ಮತ್ತು ಉತ್ತರದ ಮುಸ್ತಫಾ ಅಕಿಂಜಿ ಕೂತು ಮಾತಾಡಿದರು. ಒಬ್ಬರ ಅಧಿಕಾರವನ್ನು ಇನ್ನೊಬ್ಬರ ಕಡೆಯವರು ಒಪ್ಪುವುದಿಲ್ಲ. ಆದರೆ ಮಲಕ್ಕೆ ಮಾನ್ಯತೆ ಬೇಕಿರಲಿಲ್ಲ. ಇಂದಿಗೂ ದಕ್ಷಿಣದ ಕೊಳಚೆ ಗಡಿಯ ಕೆಳಗೆ ಹಾದು ಉತ್ತರದ ಹಸ್ಪೊಲಾತ್‌ನಲ್ಲಿ ಶುದ್ಧವಾಗುತ್ತದೆ. ಅದೇ ಮಾತುಕತೆಯ ಬೆನ್ನಿಗೆ 1979ರಲ್ಲಿ ಇಡೀ ಊರಿಗೆ ಒಂದೇ ನಗರಯೋಜನೆ ಶುರುವಾಯಿತು. ಕೋಟೆಯೊಳಗಿನ ಹಳೆಯ ಮನೆಗಳನ್ನು ಎರಡೂ ಕಡೆ ಉಳಿಸಿಕೊಂಡದ್ದಕ್ಕೆ 2007ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. ಅಕಿಂಜಿ ಮುಂದೆ 2015ರಿಂದ ಐದು ವರ್ಷ ಉತ್ತರದ ನಾಯಕನಾದರು. ಚರಂಡಿಯಷ್ಟು ಚೆನ್ನಾಗಿ ಮಿಕ್ಕದ್ದನ್ನು ಜೋಡಿಸಲು ಅವರಿಗೂ ಆಗಲಿಲ್ಲ.

ಎರಡೂ ಕಡೆಯವರು ಸೇರಿ ಮಾಡುವ ಇನ್ನೊಂದು ಕೆಲಸವಿದೆ. ಮುಚ್ಚಿಹೋದ ಹಳೆಯ ವಿಮಾನ ನಿಲ್ದಾಣದ ಆವರಣದಲ್ಲಿ, ವಿಶ್ವಸಂಸ್ಥೆಯ ಕಾವಲಿನಲ್ಲಿ ಒಂದು ಪ್ರಯೋಗಾಲಯವಿದೆ. 1963-64 ಮತ್ತು 1974ರಲ್ಲಿ ಕಾಣೆಯಾದವರು 2002 ಮಂದಿ: ಗ್ರೀಕ್ ಸೈಪ್ರಿಯಟ್ಟರು 1510, ತುರ್ಕಿ ಸೈಪ್ರಿಯಟ್ಟರು 492. ಬಾವಿಗಳಿಂದ, ಹೊಲಗಳಿಂದ ಅಗೆದು ತಂದ ಮೂಳೆಗಳನ್ನು ಎರಡೂ ಕಡೆಯ ಯುವ ವಿಜ್ಞಾನಿಗಳು ಒಂದೇ ಕೋಣೆಯಲ್ಲಿ ಜೋಡಿಸುತ್ತಾರೆ. ಸಾವಿರಕ್ಕೂ ಹೆಚ್ಚು ಜನರ ಗುರುತು ಸಿಕ್ಕಿದೆ. ಅಲ್ಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಬಿಡಲೂಬಾರದು.

ಹೊರಡುವ ಮುನ್ನ ಲಾರ್ನಕಾ ಕಡೆಯ ಪೀಲಾ ಎಂಬ ಹಳ್ಳಿಗೆ ಹೋದೆ. ವಿಶ್ವಸಂಸ್ಥೆಯ ವಲಯದೊಳಗೆ ಎರಡೂ ಸಮುದಾಯ ಇವತ್ತಿಗೂ ಒಟ್ಟಿಗೆ ಬಾಳುತ್ತಿರುವ ಊರು ಇದೊಂದೇ. ಒಂದು ಚರ್ಚು, ಒಂದು ಮಸೀದಿ, ಇಬ್ಬರು ಪಟೇಲರು, ಎರಡು ಶಾಲೆ. ಊರ ನಡುವಿನ ಚೌಕದಲ್ಲಿ ನೀಲಿ ಟೋಪಿಯವರ ಕಾವಲು ಠಾಣೆ. ಚೌಕದ ಒಂದು ಬದಿಗೆ ಗ್ರೀಕರ ಕಾಫಿ ಅಂಗಡಿ, ಇನ್ನೊಂದು ಬದಿಗೆ ತುರ್ಕರದು. ಯಾವುದಕ್ಕೆ ಹೋದರೂ ತಪ್ಪಾದೀತೆಂದು ಎರಡಕ್ಕೂ ಹೋದೆ. ಅದೇ ಪುಟ್ಟ ಬಟ್ಟಲು, ತಳದಲ್ಲಿ ಅದೇ ಗಸಿ, ಜೊತೆಗೆ ಅದೇ ಒಂದು ಲೋಟ ತಣ್ಣೀರು. ಎರಡನೆಯ ಅಂಗಡಿಯಾತ ನಾನು ಎದುರುಗಡೆಯಿಂದ ಎದ್ದು ಬಂದದ್ದನ್ನು ನೋಡಿದ್ದ.

"ಅಲ್ಲಿ ಎಷ್ಟು ಕೊಟ್ಟಿರಿ?" ಅಂತ ಕೇಳಿದ.

ಹೇಳಿದೆ.

"ಜಾಸ್ತಿಯಾಯಿತು" ಅಂದ. ತಾನೂ ಅಷ್ಟೇ ತೆಗೆದುಕೊಂಡ.