ಹೊಲಾನೇ ಪಗಾರ

ನಾವು ನಾಲ್ಕು ಮಂದಿ ರೂಮ್‌ಮೇಟ್ಸ್. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ತಾಲ್ಲೂಕಿಗೊಬ್ಬರು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಲಂಡನ್ ಅರಮನೆ ಮುಂದೆ ಕೆಂಪು ಕೋಟು, ಕರಿ ತುಪ್ಪಳದ ಟೋಪಿ ಹಾಕ್ಕೊಂಡು ನಿಲ್ತಾರಲ್ಲ, ಆ ಕಾವಲು ಪಡೆಗಳಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಹುಟ್ಟಿದ್ದು 1650ರಲ್ಲಿ ಅಂತ ಕ್ವಿಜ್‌ನಲ್ಲಿ ಬಜರ್ ಒತ್ತಿ ಹೇಳಿದವರು ನಾವು. ಕಿತ್ತೂರಿನ ಕಾಲಾಳುಗಳು ಯಾರು ಅಂತ ಮಾತ್ರ ಯಾರೂ ಕೇಳಿರಲಿಲ್ಲ, ನಾವೂ ಕೇಳಿಕೊಂಡಿರಲಿಲ್ಲ.

ದೀಪಾವಳಿ ರಜೆಗೆ ಬೈಲಹೊಂಗಲದ ಗೆಳೆಯನ ಮನೆಗೆ ಹೋಗಿದ್ವಿ. ಅವನ ಅಜ್ಜ ಹೊಲ ತೋರಿಸ್ತಾ, "ಇದು ಸನದಿ ಹೊಲ ನೋಡ್ರಪಾ" ಅಂದ್ರು. ರಾಮದುರ್ಗದವ "ಇಲ್ಲಿ ಶಹನಾಯಿ ಊದ್ತಿದ್ರೇನ್ರೀ ಅಜ್ಜಾರ?" ಅಂದುಬಿಟ್ಟ. ಅವನ ತಲೆಯಲ್ಲಿ ಸನಾದಿ ಅಪ್ಪಣ್ಣ ಸಿನಿಮಾ! ಅಜ್ಜ ನಕ್ಕು ನಕ್ಕು ಬದುವಿನ ಮೇಲೆ ಕೂತೇಬಿಟ್ರು.

ಆಮೇಲೆ ತಿಳಿಸಿ ಹೇಳಿದ್ರು. ಶೇತ ಅಂದ್ರೆ ಹೊಲ, ಸನದು ಅಂದ್ರೆ ದೊರೆ ಕೊಟ್ಟ ಹುಕುಂಪತ್ರ. ಊರು ಕಾಯೋದು, ಕಂದಾಯದ ಹಣಕ್ಕೆ ಕಾವಲು ಹೋಗೋದು, ಯುದ್ಧ ಬಂದ್ರೆ ಕತ್ತಿ ಹಿಡಿಯೋದು ಶೇತಸನದಿಗಳ ಕೆಲಸ. ಅದಕ್ಕೆ ರೊಕ್ಕದ ಪಗಾರ ಇಲ್ಲ, ಹೊಲಾನೇ ಪಗಾರ. ಸಂಗೊಳ್ಳಿ ರಾಯಣ್ಣನೂ ಶೇತಸನದಿ. ನಾವು ಅವನನ್ನ ಕುದುರೆ ಮೇಲಿನ ಪ್ರತಿಮೆಯಾಗಿ ಮಾತ್ರ ನೋಡಿದ್ವಿ.

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಗುಂಡು ಹಾರಿಸಿದವ ಅಮಟೂರು ಬಾಳಪ್ಪ ಅಂತಾರೆ. ಇಷ್ಟು ನಮಗೆ ಕಿತ್ತೂರು ಉತ್ಸವದಿಂದ ಗೊತ್ತಿತ್ತು. ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡೀತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದ್ರು, 1829ರಲ್ಲಿ ಅಲ್ಲೇ ತೀರಿಕೊಂಡ್ರು.

ಗೊತ್ತಿಲ್ಲದ್ದು ಮುಂದಿನ ಕತೆ. ಸಂಸ್ಥಾನ ಹೋದ ಮೇಲೆ ಈ ಕಾಲಾಳುಗಳ ಹೊಲದ ಗತಿ ಏನು? ಕಂಪನಿಗೆ ಅವರ ಕಾವಲು ಬೇಕಿರಲಿಲ್ಲ, ಕಂದಾಯ ಬೇಕಿತ್ತು. ಕೆಲವರ ಹೊಲ ಜಪ್ತಿ ಆಯ್ತು, ಕೆಲವರದಕ್ಕೆ ತೆರಿಗೆ ಬಿತ್ತು. ರಾಯಣ್ಣನ ದಂಡು ಬೀಡಿಯ ಸರ್ಕಾರಿ ಕಚೇರಿಗೇ ಯಾಕೆ ಬೆಂಕಿ ಇಟ್ಟಿತು ಅನ್ನೋದು ನಮಗೆ ಆ ಬದುವಿನ ಮೇಲೆ ಕೂತಾಗ ಹೊಳೀತು. ಹೊಲದ ಲೆಕ್ಕ ಇರೋದು ಕಚೇರೀಲಿ ತಾನೆ? 1831ರ ಜನವರಿ 26ರಂದು ಅವನನ್ನ ನಂದಗಡದಲ್ಲಿ ಗಲ್ಲಿಗೇರಿಸಿದ್ರು.

"ನಿಮ್ಮ ಹೊಲ ಹೆಂಗ ಉಳೀತ್ರೀ?" ಅಂತ ಸವದತ್ತಿಯವ ಕೇಳಿದ. "ಕಟ್ಟಿದ್ವಿ ಕಂದಾಯ. ಇನ್ನೇನ್ ಮಾಡಾವ್ರು" ಅಂದ್ರು ಅಜ್ಜ, ಮೊಳಕಾಲುದ್ದ ಬೆಳೆದಿದ್ದ ಜೋಳ ನೋಡ್ತಾ.

ವಾಪಸ್ ಬರುವಾಗ ಬಸ್ಸು ಊರು ದಾಟಿದ ಮೇಲೆ ಗೆಳೆಯ ಮೆಲ್ಲಗೆ ಹೇಳಿದ: ಅವನ ಎರಡು ವರ್ಷದ ಕಾಲೇಜ್ ಫೀಸಿನ ಸಾಲ ಆ ಹೊಲದ ಮೇಲೇ ಇದೆ.