ಕಡಲಿಲ್ಲದ ಲಿಡೊ

ದಕ್ಷಿಣ ಲಂಡನ್ನಿನ ಟೂಟಿಂಗ್ ಎಂದರೆ ಅಲ್ಲಿ ನೆಲೆಸಿದ ಭಾರತೀಯರಿಗೆ ಮೊದಲು ನೆನಪಾಗುವುದು ದೋಸೆ ಹೋಟೆಲುಗಳು. ಅದೇ ಬಡಾವಣೆಯ ಮರಗಳ ನಡುವೆ ನೂರು ಗಜ ಉದ್ದದ ಒಂದು ಈಜುಕೊಳವಿದೆ. ಮೇಲೆ ಸೂರಿಲ್ಲ, ನೀರು ಕಾಯಿಸುವ ಏರ್ಪಾಟಿಲ್ಲ. ಹಲ್ಲು ಕಟಕಟಿಸುವ ಚಳಿಯಲ್ಲೂ ಇದರೊಳಗೆ ಧುಮುಕುವವರ ಒಂದು ಸಂಘವೇ ಇದೆ. 1906ರಲ್ಲಿ ತೆರೆದಾಗ ಇದರ ಹೆಸರು ಸ್ನಾನದ ಕೆರೆ ಎನ್ನುವಷ್ಟು ಸಾದಾ ಆಗಿತ್ತು. ಈಗ ಇದು ಟೂಟಿಂಗ್ ಬೆಕ್ ಲಿಡೊ.

ಅಸಲಿ ಲಿಡೊ ಇರುವುದು ವೆನಿಸ್ಸಿನಲ್ಲಿ. ನಗರ ನಿಂತಿರುವ ಲಗೂನಿಗೂ ಏಡ್ರಿಯಾಟಿಕ್ ಸಮುದ್ರಕ್ಕೂ ನಡುವೆ ಸುಮಾರು 11 ಕಿ.ಮೀ. ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ ಅದು. ಕವಿ ಬೈರನ್ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಕುದುರೆ ಸವಾರಿ ಮಾಡುತ್ತಿದ್ದಾಗ ಬಹುಪಾಲು ಬರಿಯ ದಂಡೆ. 1857ರಲ್ಲಿ ಕಡಲಸ್ನಾನಕ್ಕೆಂದು ಕಟ್ಟೆ, ಕೋಣೆಗಳು ಬಂದವು. 1900ರಲ್ಲಿ ಹೋಟೆಲ್ ದೆ ಬ್ಯಾಂ, 1908ರಲ್ಲಿ ಎಕ್ಸೆಲ್ಸಿಯರ್ ತಲೆಯೆತ್ತಿದವು. ಆಮೇಲೆ ಯೂರೋಪಿನ ಹಣವಂತರಿಗೆ ಬೇಸಿಗೆ ಎಂದರೆ ಲಿಡೊ. ಥಾಮಸ್ ಮಾನ್ 1911ರಲ್ಲಿ ಹೋಟೆಲ್ ದೆ ಬ್ಯಾಂನಲ್ಲಿ ತಂಗಿದ್ದರು. ಮರುವರ್ಷ ಬಂದ ಅವರ ‘ಡೆತ್ ಇನ್ ವೆನಿಸ್’ ಕಿರುಕಾದಂಬರಿಯ ನಾಯಕ ಸಾಯುವುದು ಇದೇ ಮರಳಿನ ಮೇಲೆ. 1932ರಲ್ಲಿ ಎಕ್ಸೆಲ್ಸಿಯರ್ ಹೋಟೆಲಿನ ಜಗಲಿಯಲ್ಲಿ ಮೊದಲ ವೆನಿಸ್ ಚಿತ್ರೋತ್ಸವ ನಡೆಯಿತು. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ಗೆ 1957ರಲ್ಲಿ ಸ್ವರ್ಣ ಸಿಂಹ ಸಿಕ್ಕಿದ್ದೂ ಈ ಉತ್ಸವದಲ್ಲೇ.

ಇಂಥ ಠೀವಿಯ ಹೆಸರು ಲಂಡನ್ನಿನ ಕೊಳಗಳಿಗೆ ಅಂಟಿದ್ದು ಹೇಗೆ?

1929ರಲ್ಲಿ ಬಂದ ಲೇಬರ್ ಸರ್ಕಾರದಲ್ಲಿ ಉದ್ಯಾನಗಳ ಉಸ್ತುವಾರಿ ಜಾರ್ಜ್ ಲ್ಯಾನ್ಸ್‌ಬರಿಯವರದಾಗಿತ್ತು. ಈಸ್ಟ್ ಎಂಡ್‌ನ ಬಡವರ ನಡುವೆ ರಾಜಕೀಯ ಮಾಡಿ ಬಂದ ಮನುಷ್ಯ. ಹೈಡ್ ಪಾರ್ಕಿನ ಸರ್ಪೆಂಟೈನ್ ಕೆರೆಯ ದಂಡೆಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಒಟ್ಟಿಗೆ ನೀರಿಗಿಳಿಯಲು 1930ರಲ್ಲಿ ಅವರು ಏರ್ಪಾಟು ಮಾಡಿದರು. ಅರಮನೆಗೆ ಇಷ್ಟು ಹತ್ತಿರ, ಅದೂ ಹೆಂಗಸರು ಗಂಡಸರು ಜೊತೆಯಾಗಿ! ಜನ ಅದನ್ನು ‘ಲ್ಯಾನ್ಸ್‌ಬರಿಯ ಲಿಡೊ’ ಎಂದು ಕರೆದರು. ಅದರಲ್ಲಿ ಗೇಲಿ ಎಷ್ಟು, ಅಕ್ಕರೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಗೇಲಿ ಸವೆದು ಹೋಯಿತು, ಹೆಸರು ಉಳಿಯಿತು.

ಆಗುಂಬೆಯನ್ನು ‘ದಕ್ಷಿಣದ ಚಿರಾಪುಂಜಿ’ ಎನ್ನುವುದೂ ಇದೇ ಜಾಯಮಾನದ್ದು. ಆದರೆ ಅಲ್ಲಿ ಚಿರಾಪುಂಜಿ ಮೇಘಾಲಯ ಬಿಟ್ಟು ಕದಲಿಲ್ಲ. ನಮ್ಮ ಸೀಮೆಯಲ್ಲಿ ಇಷ್ಟು ಚಿರಾಪುಂಜಿಗಳಿವೆ ಎಂದು ಯಾರೂ ಎಣಿಸುವುದಿಲ್ಲ. ಇಂಗ್ಲಿಷರು ಲಿಡೊಗಳನ್ನು ಎಣಿಸತೊಡಗಿದರು. ಕನ್ನಡ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅಂಕಿತನಾಮ ರೂಢನಾಮವಾಯಿತು. ಇದರಲ್ಲೊಂದು ತಮಾಷೆಯಿದೆ: ಇಟಾಲಿಯನ್ನಿನಲ್ಲಿ ಲಿಡೊ ಹುಟ್ಟಾ ರೂಢನಾಮವೇ, ಕಡಲದಂಡೆ ಎಂದಷ್ಟೇ ಅದರ ಅರ್ಥ. ವೆನಿಸ್ಸಿನವರು ಒಂದು ದಂಡೆಗೆ ಕಟ್ಟಿಹಾಕಿದ ಪದವನ್ನು ಇಂಗ್ಲಿಷರು ಬಿಚ್ಚಿದರು, ಆದರೆ ಬಿಚ್ಚುವಾಗ ಕಡಲನ್ನೇ ಕಳಚಿಬಿಟ್ಟರು.

ಮೂವತ್ತರ ದಶಕ ಇಂಗ್ಲೆಂಡಿನಲ್ಲಿ ಬಿಸಿಲಿನ ಹುಚ್ಚಿನ ಕಾಲ. ಮೈಗೆ ಬಿಸಿಲು ತಾಗಿದರೆ ಆರೋಗ್ಯ ಎಂದು ವೈದ್ಯರೂ ನಗರಸಭೆಗಳೂ ನಂಬಿದ್ದ ದಿನಗಳು. ಪ್ಲಿಮತ್‌ನ ಟಿನ್‌ಸೈಡ್ ಕೊಳ, ಪೆನ್‌ಜ಼ಾನ್ಸ್‌ನ ತ್ರಿಕೋನಾಕಾರದ ಜ್ಯೂಬಿಲಿ ಕೊಳ ಎರಡೂ 1935ರವು. ಲಂಡನ್ನಿನಲ್ಲಿ ಬ್ರಾಕ್‌ವೆಲ್ 1937ರಲ್ಲಿ, ಪಾರ್ಲಿಮೆಂಟ್ ಹಿಲ್ 1938ರಲ್ಲಿ ತೆರೆದವು. ರೈಸ್ಲಿಪ್‌ನಲ್ಲಿ ಕಾಲುವೆಗೆ ನೀರುಣಿಸಲು ಹಿಂದಿನ ಶತಮಾನದಲ್ಲಿ ಕಟ್ಟಿದ್ದ ಜಲಾಶಯವೇ ಲಿಡೊ ಆಯಿತು. ಟೈಟಾನಿಕ್ ದುರಂತದ ಕುರಿತ 1958ರ ‘ಎ ನೈಟ್ ಟು ರಿಮೆಂಬರ್’ ಚಿತ್ರದ ಜೀವರಕ್ಷಕ ದೋಣಿಗಳು ತೇಲಿದ್ದು ಇಲ್ಲಿ. ಅಂದರೆ ನಕಲಿ ಕಡಲು ಒಮ್ಮೆ ಅಟ್ಲಾಂಟಿಕ್ಕಿನ ವೇಷವನ್ನೂ ಹಾಕಿತು.

ಈ ಸಾಲದ ಹೆಸರನ್ನು ಬರಿಯ ಜಂಬ ಎಂದು ನಗುವವರಿದ್ದಾರೆ. ಅದು ಅನ್ಯಾಯ. ವೆನಿಸ್ಸಿಗೆ ಹೋಗುವ ರೈಲಿನ ಟಿಕೆಟ್ಟಿಗೆ ಕೈಯಲ್ಲಿ ಕಾಸಿಲ್ಲದ ಬಸ್ ಕಂಡಕ್ಟರನ ಮಕ್ಕಳೂ ಚಿಲ್ಲರೆ ಕಾಸು ಕೊಟ್ಟು ಲಿಡೊಗೆ ಹೋಗಿ ಬಂದೆವು ಎನ್ನಬಹುದಾಗಿತ್ತು. ಉಚ್ಚಾರಣೆಯಲ್ಲೂ ಅದನ್ನು ಸ್ವಂತ ಮಾಡಿಕೊಂಡರು: ಇಟಲಿಯಂತೆ ಲೀಡೊ ಎನ್ನುವವರು ಕೆಲವರು, ಅಪ್ಪಟ ಇಂಗ್ಲಿಷಿನಲ್ಲಿ ಲೈಡೊ ಎನ್ನುವವರು ಕೆಲವರು. ಇಟಲಿಯ ಎಷ್ಟೋ ಕಡಲೂರುಗಳಲ್ಲಾದರೋ ಲಿಡೊ ಎಂದರೆ ಛತ್ರಿಗೂ ಒರಗುಕುರ್ಚಿಗೂ ದುಡ್ಡು ತೆತ್ತು ಕೂರುವ ಖಾಸಗಿ ದಂಡೆ.

ಅರವತ್ತರ ದಶಕದಿಂದೀಚೆಗೆ ಅಗ್ಗದ ವಿಮಾನಗಳು ಅದೇ ಕಂಡಕ್ಟರನ ಮಕ್ಕಳನ್ನು ಸ್ಪೇನಿನ ನಿಜವಾದ ಬಿಸಿಲಿಗೆ ಒಯ್ದವು. ಹೆಸರಿಗಷ್ಟೇ ಕಡಲಾಗಿದ್ದವು ಒಂದೊಂದಾಗಿ ಬಾಗಿಲು ಹಾಕಿದವು. 1990ರಲ್ಲಿ ಮುಚ್ಚಿದ ಬ್ರಾಕ್‌ವೆಲ್ 1994ರಲ್ಲಿ ಮತ್ತೆ ತೆರೆಯಿತು. ಬ್ರೈಟನ್ ಬಳಿಯ ಸಾಲ್ಟ್‌ಡೀನ್ ಲಿಡೊವನ್ನು ಊರವರೇ ಹಟ ಹಿಡಿದು ಉಳಿಸಿಕೊಂಡರು. 2017ರಲ್ಲಿ ಅದಕ್ಕೆ ಮತ್ತೆ ನೀರು ಬಂತು.

ಹೆಸರು ಮಾತ್ರ ಕೊಳಗಳ ಹಂಗು ಎಂದೋ ಬಿಟ್ಟಿತ್ತು. ವಿಹಾರ ಹಡಗುಗಳಲ್ಲಿ ಈಜುಕೊಳವಿರುವ ಅಂತಸ್ತು ಲಿಡೊ ಡೆಕ್. ಪ್ಯಾರಿಸ್ಸಿನಲ್ಲಿ ನೆಲಮಾಳಿಗೆಯ ಈಜುಕೊಳವೊಂದು ಲಿಡೊ ಎಂಬ ಹೆಸರಿನಲ್ಲಿ ಶುರುವಾಗಿ, 1946ರ ಹೊತ್ತಿಗೆ ನೀರು ಹೋಗಿ ಕುಣಿತದ ವೇದಿಕೆಯಾಯಿತು. ಬೆಂಗಳೂರಿಗಂತೂ ನೀರಿನ ನೆಪವೂ ಬೇಕಾಗಲಿಲ್ಲ. ಟ್ರಿನಿಟಿ ವೃತ್ತದ ಬಳಿ ಇಂಗ್ಲಿಷ್ ಸಿನಿಮಾ ತೋರಿಸುತ್ತಿದ್ದ ಚಿತ್ರಮಂದಿರಕ್ಕೆ ಲಿಡೊ ಎಂದು ಹೆಸರಿಟ್ಟಿದ್ದರು. ಅದು ಹೋಗಿ ಆ ಜಾಗದಲ್ಲಿ ಮಾಲ್ ಎದ್ದಾಗ, ಲಿಡೊ ಎಂಬ ಪದವೂ ಅದರ ಫಲಕ ಹತ್ತಿತು.